ಯಾವ ಬ್ಯಾಟರಿ?

ನಮ್ಮ ಕಡಿ ಟಾರ್ಚಿಗೇ ಬ್ಯಾಟರಿ ಅಂತಾರ,
ಹೊಟ್ಟ್ಯಾಗಿನವಕ್ಕ ಸೆಲ್ಲು.
ಬ್ಯಾಟರಿ ಹೋಯ್ತು ಅಂದ್ರ
ಕಳೀತೋ, ಕೆಟ್ಟಿತೋ, ಖಾಲಿಯಾಯ್ತೋ
ಇನ್ನೊಮ್ಮೆ ಕೇಳಬೇಕು.

ಸಣ್ಣವರಿದ್ದಾಗ ಸೆಲ್ಲು ಸಾಯಲಿಕ್ಕೆ ವಾರ ಹಿಡೀತಿತ್ತು.
ಬಲ್ಬು ಮೊದಲ ಅರಿಶಿಣ, ಆಮ್ಯಾಲ ಇಟ್ಟಂಗಿ,
ಆಮ್ಯಾಲ ಬೀಡಿ ತುದಿ.
ಮಾಳಗಿ ಮ್ಯಾಲ ಬಿಸಿಲಿಗಿಟ್ಟು, ಹಲ್ಲಿಲೆ ಕಚ್ಚಿ
ಮತ್ತ ಎರಡು ರಾತ್ರಿ ದುಡಸ್ತಿದ್ದಿವಿ.
ಈಗಿನವು ಹಂಗಲ್ಲ.
ರಾತ್ರಿ ತುಂಬಿಸಿಟ್ರ ಕಡೀ ಗಳಿಗಿ ತನಕ
ಅದೇ ಹಾಲಿನಂಥ ಬೆಳಕು,
ಬಾಡೂದಿಲ್ಲ, ಕೆಮ್ಮೂದಿಲ್ಲ.
ಆಮ್ಯಾಲ ಒಮ್ಮಿಗೇ ಇಲ್ಲ.

ಉಸ್ಮಾನ್‌ಗಂಜಿನಿಂದ ನಾಕು ತಂದ ದಿನಾನೇ ತುಳಜಮ್ಮ
ಎರಡಕ್ಕ ಕೆಂಪು ಉಗುರುಬಣ್ಣ, ಎರಡಕ್ಕ ನೀಲಿ,
ಸೊಂಟಕ್ಕ ಒಂದೊಂದು ಬೊಟ್ಟಿಟ್ಟಳು.
"ಕೆಂಪು ಕೆಂಪಿನ ಕೂಡ, ನೀಲಿ ನೀಲಿ ಕೂಡ.
ಕೂಡಿ ದುಡಿದವು ಕೂಡೇ ಉಣಬೇಕು,
ಕೂಡೇ ಮುಪ್ಪಾಗಬೇಕು.
ಕಂಡದ್ದು ಕಂಡದ್ದಕ್ಕ ಗಂಟು ಹಾಕಿದ್ರ
ಸೊರಗಿದ್ದು ಮೊದಲು ಬರಿದಾಗ್ತದ,
ಗಟ್ಟಿದು ಅದನ್ನ ತುಳಕೊಂಡು ನಡೀತದ."
ಇದನ್ನ ಎಲ್ಲಿ ಓದಿದಳೋ,
ಚಾರ್ಜರಿನ ಡಬ್ಬಿ ಮ್ಯಾಲಿನ ಸಣ್ಣಕ್ಷರದಾಗೋ,
ನಮ್ಮ ಓಣಿಯಾಗೋ.

ನಂದು ಕೆಲಸ ನೌಬಾದಿನ ಸುರಂಗ ಬಾವಿ ಒಳಗ
ಹೂಳಿನ ಅಳತಿ.
ಮ್ಯಾಲ ಬೀದರಿನ ಬಿಸಿಲು, ಕೆಳಗ ಕೆಂಪು ಕಲ್ಲಿನ ಹೊಟ್ಟಿ,
ಮೊಣಕಾಲಿನ ತನಕ ನೀರು.
ದೂರಕ್ಕೊಂದು ಗಾಳಿಕಿಂಡಿ,
ಕಿಂಡಿಗೊಬ್ಬ ಸೂರ್ಯ, ರೊಟ್ಟಿಯಷ್ಟಗಲ.

ಗುರುವಾರ, ನಾಕನೇ ಕಿಂಡಿ ದಾಟಿ, ಐದನೇದು ಇನ್ನೂ ಕಾಣದ ತಿರುವಿನಾಗ
ಟೇಪಿನ ಮ್ಯಾಲಿನ ಅಂಕಿ ಓದ್ತಿದ್ದೆ.
ಹದಿನೇಳು ಅಂದೆನೋ, ಎಪ್ಪತ್ತು ಅಂದೆನೋ.
ಬೆಳಕಿಲ್ಲ.
ಬಟನ್ ಒತ್ತಿದೆ. ಅಂಗೈಗೆ ಬಡಿದೆ.
ಬಾವಲಿಗಳಿಗೆ ಏನೂ ಫರಕಾಗಲಿಲ್ಲ.
ಹಿಂದಿನ ಮುಚ್ಚಳ ತಿರುವಿ ಸೆಲ್ಲು ಬಿಚ್ಚಿ
ಒಂದೊಂದೇ ಹಲ್ಲಿಲೆ ಕಚ್ಚಿದೆ, ಹಳೇ ಚಟ.
ಬಾಯಾಗ ತಗಡಿನ ರುಚಿ ಬಂತು, ಅಷ್ಟೇ.
ಆವಾಗ ಹೆಬ್ಬೆರಳಿಗೆ ಹತ್ತಿತು:
ಒಂದಕ್ಕ ಬೊಟ್ಟು ಒಣಗಿ ಗಟ್ಟಿಯಾಗ್ಯಾದ.
ಇನ್ನೊಂದು ಬೋಳು.

ಕಣ್ಣು ಇಲ್ಲದಲ್ಲೇ ನೋಡಿದ್ದೆ ಅದನ್ನ.

ನೀರು ಬಂದ ದಿಕ್ಕಿಗೆ ಹೋದ್ರ ತಾಯಿಬಾವಿ,
ಹೊಂಟ ದಿಕ್ಕಿಗೆ ಹೋದ್ರ ಊರು.
ಪಿಂಡರಿಗೆ ಒರಸೋ ನೀರು ನಂಬಿ
ಗ್ವಾಡಿ ತಡವಿಕೋತ, ಸಣ್ಣ ಸಣ್ಣ ಹೆಜ್ಜಿ.
ರೊಟ್ಟಿಯಂಥ ಬೆಳಕು ಕಾಣೋದ್ರಾಗ
ನನ್ನ ಉಸಿರು ನನಗೇ ಬ್ಯಾರೆಯವರದಂಗ ಕೇಳ್ತಿತ್ತು.
ಮ್ಯಾಲ ಝರೆಪ್ಪ ಹಗ್ಗ ಹಿಡಕೊಂಡು ಬಗ್ಗಿದ.
"ಏನಾಯ್ತೋ?"
"ಬ್ಯಾಟರಿ ಹೋಯ್ತು."
"ಯಾವ ಬ್ಯಾಟರಿ?"

ಮನಿಗೆ ಬಂದ್ರ
ದಸರಾದಿಂದ ನಿಂತಿದ್ದ ಗಡಿಯಾರ
ಟಿಕ್ ಟಿಕ್ ಅನ್ನಲಿಕ್ಕತ್ತಿತ್ತು.
ನಾ ಅದನ್ನ ನೋಡಿದ್ದು ಆಕಿ ನೋಡಿದಳು.
"ನಲವತ್ತು ನಿಮಿಷ ತಡ," ಅಂದಳು ತುಳಜಮ್ಮ.
"ಅಳೀಲಿಕ್ಕೆ ಒಂದು ಸೆಲ್ಲು ಬೇಕಾಗಿತ್ತು.
ಕಪಾಟಿನಾಗ ಒಂಟಿದಿತ್ತಲ್ಲ, ಹುಡುಗನ ಕಾರಿಂದು,
ಅದನ್ನ ನಿನಗ ಹಾಕೀನಿ. ನಡೀತು ಹೌದಲ್ಲೋ?"

ಆರು ತಿಂಗಳು ಸುಮ್ಮ ಕೂತದ್ದೂ ಸೋರ್ತದ
ಅನ್ನೋದು ಡಬ್ಬಿ ಮ್ಯಾಲ ಬರೆದಿರಲಿಲ್ಲೇನೋ.
"ನಡೀತು," ಅಂದೆ.
ನಲವತ್ತು ನಿಮಿಷ ಎಲ್ಲಿ ಹೋದವು ಅಂತ
ಆಕಿ ಕೇಳಲಿಲ್ಲ,
ಜ್ವಾಳದ ರೊಟ್ಟಿ ಮುಂದ ಸರಿಸಿದಳು.
ನನ್ನ ಒದ್ದಿ ಪ್ಯಾಂಟು ಮಾತ್ರ ಬಾಳ ಹೊತ್ತು ನೋಡಿದಳು.

ರಾತ್ರಿ ಚಾರ್ಜರಿನಾಗ ಎರಡು ಸೆಲ್ಲು, ಎರಡು ಕೆಂಪು ದೀಪ.
ಗಡಿಯಾರದ್ದು ಗಡಿಯಾರದಾಗೇ ಇರಲಿ ಅಂದೆ.
ಬೋಳು ಸೆಲ್ಲಿಗೆ ಬೊಟ್ಟಿಡಬೇಕಂತ ಹುಡುಕಿದ್ರ
ಉಗುರುಬಣ್ಣದ ಬಾಟ್ಲಿ ಒಣಗಿ ಕಲ್ಲಾಗಿತ್ತು.
"ಕುಂಕುಮ ನಡೀತದೇನು?"
"ಒರಸಿ ಹೋಗ್ತದ," ಅಂದಳು.
"ನಾಳಿಗೆ ನೀಲಿ ಜೋಡಿ ಒಯ್ಯಿ."